ಕಡಲ ಬಾಣಂತಿಗೆ ತಿಪಟೂರಿನ ಎಣ್ಣೆ

ತಿಪಟೂರು: ಹೊರಟಿದ್ದು ಲಂಕೆಗೆ

ನಾನು ಪಾಸ್‌ಪೋರ್ಟ್ ಮಾಡಿಸಿದ್ದು ಶ್ರೀಲಂಕಾ ನೋಡುವುದಕ್ಕೆ. ಹೋಗಿ ಇಳಿದದ್ದು ಚೆನ್ನೈನ ತ್ರಿಪ್ಲಿಕೇನಿನಲ್ಲಿರುವ ನನ್ನ ಸೋದರತ್ತೆಯ ಮನೆಯಲ್ಲಿ. ಇದನ್ನು ಪರದೇಶ ಪ್ರವಾಸ ಅಂತ ಹೇಳಿಕೊಂಡರೆ ನಮ್ಮೂರಿನವರು ನಗುತ್ತಾರೆ. ನಗಲಿ ಬಿಡಿ. ಐವತ್ತು ದಾಟಿದರೂ ಸಮುದ್ರ ನೋಡದೆ ಇದ್ದವಳಿಗೆ ಮರೀನಾ ಬೀಚೇ ಪರದೇಶ.

ನನ್ನದು ಕೊಬ್ಬರಿ ಮಂಡಿಯ ಹಿಂದಿನ ಬೀದಿಯಲ್ಲಿ ಬ್ಲೌಸು ಹೊಲಿಯುವ ಅಂಗಡಿ. ನಮ್ಮ ಮಹಿಳಾ ಮಂಡಳಿಯವರು ಸೇರಿ ಲಂಕೆಗೆ ಹೋಗೋಣ ಅಂತ ವರ್ಷದಿಂದ ಮಾತಾಡಿಕೊಂಡಿದ್ದೆವು. ಚೆನ್ನೈವರೆಗೆ ರೈಲು, ಅಲ್ಲಿಂದ ವಿಮಾನ. ಮುಂದಾಳು ಗಿರಿಜಕ್ಕ. ಹೊರಡಲು ಒಂದು ದಿನ ಇರುವಾಗ ಗಿರಿಜಕ್ಕನ ಮಗಳಿಗೆ ದಿನ ತುಂಬುವ ಮೊದಲೇ ಹೆರಿಗೆಯಾಯಿತು. ಬಾಣಂತಿಯನ್ನು ಬಿಟ್ಟು ಗಿರಿಜಕ್ಕ ಬರುವಂತಿಲ್ಲ. ಗಿರಿಜಕ್ಕ ಇಲ್ಲದೆ ಉಳಿದವರು ತುಮಕೂರು ದಾಟುವ ಪೈಕಿಯಲ್ಲ. ಹೀಗಾಗಿ ಲಂಕೆ ಅಲ್ಲಿಯೇ ಉಳಿಯಿತು.

ನನ್ನ ಕಷ್ಟವೇ ಬೇರೆ. ಅಂಗಡಿಗೆ ಬಂದವರಿಗೆಲ್ಲ "ಲಂಕೆಗೆ ಹೋಗಿ ಬರ್ತೀನಿ, ಆಮೇಲೆ ಬನ್ನಿ" ಅಂತ ಜಂಬ ಕೊಚ್ಚಿಕೊಂಡು ಕಳಿಸಿಬಿಟ್ಟಿದ್ದೆ. ಮರುದಿನವೇ ಯಾವ ಮುಖ ಹೊತ್ತು ಷಟರ್ ಎತ್ತಲಿ? ತ್ರಿಪ್ಲಿಕೇನಿನ ಸೋದರತ್ತೆ ಪದ್ದತ್ತೆಗೆ ಫೋನು ಮಾಡಿದೆ. ಅತ್ತೆ ಒಂದು ಗಳಿಗೆಯೂ ಯೋಚಿಸಲಿಲ್ಲ.

"ವಾಡೀ ಸುಮಾ. ಲಂಕೆ ಎಂಗೇಯೋ ಓಡಿಹೋಗತ್ತಾ? ಇಲ್ಲಿ ಬಾ. ಬರೋವಾಗ ನಮ್ಮೂರ ಎಣ್ಣೆ ಮಾತ್ರಂ ಮರೀಬೇಡ."

ಗಾಣದಿಂದ ಆಗಷ್ಟೇ ಇಳಿಸಿದ ಕೊಬ್ಬರಿ ಎಣ್ಣೆಯನ್ನು ಎರಡು ಬಾಟಲಿಗೆ ತುಂಬಿಸಿ, ಸೀರೆಗಳ ನಡುವೆ ಸುತ್ತಿಟ್ಟುಕೊಂಡು ರೈಲು ಹತ್ತಿದೆ.

ತ್ರಿಪ್ಲಿಕೇನ್: ಅತ್ತೆಯ ಮನೆ

ಕಾಟ್ಪಾಡಿ ದಾಟಿದ ಮೇಲೆ ಎದುರು ಸೀಟಿನ ಹೆಂಗಸು ಇಡ್ಲಿ ಪೊಟ್ಟಣ ಬಿಚ್ಚಿದಳು. ಗುರುತು ಪರಿಚಯ ಏನೂ ಇಲ್ಲ, ಆದರೂ ಎಲೆಯ ಒಂದು ಚೂರು ಹರಿದು ನನಗೂ ಎರಡು ಇಡ್ಲಿ ಇಟ್ಟು ಎಲ್ಲಿಗೆ ಹೋಗುತ್ತಿದ್ದೀರಿ ಅಂತ ಕೇಳಿದಳು. ವಾರಗಟ್ಟಲೆ ಹೇಳಿ ರೂಢಿಯಾಗಿದ್ದ ಬಾಯಿ "ಲಂಕಾ" ಅಂದುಬಿಟ್ಟಿತು. ಆಕೆ ನನ್ನ ಬಟ್ಟೆ ಚೀಲವನ್ನೂ, ಎಣ್ಣೆಯ ವಾಸನೆ ಬರುತ್ತಿದ್ದ ಸೀರೆಯ ಗಂಟನ್ನೂ ನೋಡಿ, ಪಾಪ ಅನ್ನಿಸಿರಬೇಕು, ಇನ್ನೊಂದು ಇಡ್ಲಿ ಇಟ್ಟಳು.

ಪದ್ದತ್ತೆ ಮದುವೆಯಾಗಿ ತ್ರಿಪ್ಲಿಕೇನಿಗೆ ಬಂದದ್ದು ನಾನು ಲಂಗ ತೊಡುತ್ತಿದ್ದ ಕಾಲದಲ್ಲಿ. ಲಾಡ್ಜು, ಮೆಸ್ಸು, ಹೂವಿನ ಬುಟ್ಟಿ, ಅಡ್ಡ ನಿಂತ ಹಸು ಎಲ್ಲವನ್ನೂ ದಾಟಿ ಹೋದರೆ ಸಿಗುವ ಸಣ್ಣ ಬೀದಿ. ಬಾಗಿಲು ಕಿರಿದು, ಒಳಗೆ ಹೋದಷ್ಟೂ ಮುಗಿಯದ ಉದ್ದನೆಯ ಮನೆ. ಮಾವ ತೀರಿಕೊಂಡ ಮೇಲೆ ಅತ್ತೆ ಮತ್ತು ಮಗಳು ರಂಜನಿ ಇಬ್ಬರೇ. ಅತ್ತೆಯ ಕನ್ನಡ ಈಗ ಹೇಗಿದೆಯೆಂದರೆ ಕನ್ನಡದ ರವಿಕೆಗೆ ತಮಿಳಿನ ತೋಳು ಇಟ್ಟು ಹೊಲಿದ ಹಾಗೆ. ರಂಜನಿಗೆ ನಾವು ಹೇಳಿದ್ದೆಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಬರುತ್ತದೆ. ಮೂವರೂ ಕೂತು ಊಟ ಮಾಡಿದರೆ ಮೂರು ಭಾಷೆಯೂ ಸಾರಿನಲ್ಲಿ ಕಲಸಿಕೊಳ್ಳುತ್ತವೆ, ಯಾರಿಗೂ ತೊಂದರೆಯಿಲ್ಲ.

ಆ ಬೀದಿಯಲ್ಲಿ ಅತ್ತೆಗೆ ಒಂದು ಹೆಸರಿದೆ. ಯಾರ ಮನೆಯಲ್ಲಿ ಹೆರಿಗೆಯಾದರೂ ಬಾಣಂತಿಗೆ ಎಣ್ಣೆ ಒತ್ತಿ ನೀರು ಹಾಕುವುದಕ್ಕೆ ಪದ್ದತ್ತೆಯೇ ಬೇಕು. ಬಾಣಂತಿಯನ್ನು ನೋಡಲು ಎಣ್ಣೆಯಿಲ್ಲದೆ ಬರಿಗೈಯಲ್ಲಿ ಹೋದ ದಿನವೇ ಇಲ್ಲವಂತೆ. ತಮ್ಮ ತಲೆಗೂ ಅಷ್ಟೇ, ದಿನವೂ ಎಣ್ಣೆ ಬೇಕು, ಶುಕ್ರವಾರವಂತೂ ಅಭ್ಯಂಜನ ತಪ್ಪಿಸುವಂತಿಲ್ಲ. ನಾನು ತಂದ ಬಾಟಲಿಯ ಮುಚ್ಚಳ ತೆಗೆದು ಮೂಸಿ, ಕಣ್ಣು ಮುಚ್ಚಿ ಕೂತುಬಿಟ್ಟರು.

ಚೆನ್ನೈ ನನಗೆ ಮೊದಲು ಕಲಿಸಿದ ಪಾಠ ಬೇರೆ ತರದ್ದು. ಪರ್ಸಿನಲ್ಲಿ ಸದಾ ಇಟ್ಟುಕೊಳ್ಳುವ ಗುಂಡುಪಿನ್ನುಗಳು ಬಂದ ಎರಡನೇ ದಿನಕ್ಕೇ ತುಕ್ಕು ಹಿಡಿದಿದ್ದವು. ನಮ್ಮೂರಲ್ಲಿ ವರ್ಷಗಟ್ಟಲೆ ಹೊಳೆಯುವ ಪಿನ್ನು! ಸಮುದ್ರವನ್ನು ಇನ್ನೂ ನೋಡಿರಲಿಲ್ಲ, ಅದಾಗಲೇ ಅದು ನನ್ನ ಪರ್ಸಿನೊಳಗೆ ಬಂದು ಕೂತಿತ್ತು.

ಮರೀನಾ: ಮೊದಲು ಕಂಡ ಆಮೆ

ಮರುದಿನ ಬೆಳಿಗ್ಗೆ ಅತ್ತೆ ನನ್ನನ್ನು ಮರೀನಾಕ್ಕೆ ಕರೆದುಕೊಂಡು ಹೋದರು. ಮರಳು ನಡೆದು ನಡೆದು ಮುಗಿಯಲೊಲ್ಲದು. ಕೊನೆಗೆ ನೀರು ಕಂಡಿತು. ನಾನು ಏನು ಹೇಳಲಿ? ಕೆರೆಗೆ ಆಚೆ ದಡ ಇರುತ್ತದೆ, ಇದಕ್ಕೆ ಇಲ್ಲ. ಅಷ್ಟೇ ವ್ಯತ್ಯಾಸ ಅಂದುಕೊಂಡಿದ್ದೆ. ಆದರೆ ಆಚೆ ದಡ ಇಲ್ಲ ಅನ್ನುವುದನ್ನು ಕಣ್ಣಾರೆ ಕಂಡಾಗ ಕಾಲು ತಾನಾಗಿಯೇ ನಿಂತಿತು. ಕಣ್ಣಲ್ಲಿ ನೀರು ಬಂತು, ಯಾಕೆ ಅಂತ ಕೇಳಬೇಡಿ.

ಅತ್ತೆ ಅಲೆಯಿಂದ ದೂರವೇ ನಿಂತಿದ್ದರು. ಇಷ್ಟು ವರ್ಷ ಈ ಊರಲ್ಲಿದ್ದೂ ಪಾದಕ್ಕಿಂತ ಮೇಲೆ ಸಮುದ್ರದ ನೀರು ಸೋಕಿಸಿಕೊಂಡವರಲ್ಲ. "ನನಗೆ ಭಯಂ ಡೀ. ಅದು ಕಾಲು ಹಿಡಿದು ಎಳೆಯತ್ತೆ" ಅನ್ನುತ್ತಾರೆ.

ಸ್ವಲ್ಪ ದೂರದಲ್ಲಿ ಜನ ಗುಂಪು ಕಟ್ಟಿದ್ದರು. ಹೋಗಿ ನೋಡಿದರೆ ಆಮೆ. ಕೆರೆಯ ಆಮೆಯ ಲೆಕ್ಕದಲ್ಲಿ ಯೋಚಿಸಬೇಡಿ, ಮಗು ಕೂರಬಹುದಾದಷ್ಟು ಅಗಲದ ಬೆನ್ನು. ಸತ್ತಿತ್ತು. ಕಣ್ಣು ಉಬ್ಬಿ ಹೊರಬಂದಿದ್ದವು. ಯಾರೋ ಫೋಟೊ ತೆಗೆಯುತ್ತಿದ್ದರು, ಕಾಗೆಗಳು ಸರದಿಗೆ ಕಾಯುತ್ತಿದ್ದವು. ಅತ್ತೆ ಹೆಗಲ ಮೇಲಿನ ಟವಲನ್ನು ತೆಗೆದು ಅದರ ಮುಖಕ್ಕೆ ಹೊದಿಸಿದರು. ಫೋಟೊ ತೆಗೆಯುತ್ತಿದ್ದವನು ಪಕ್ಕಕ್ಕೆ ಸರಿದ.

ಆವತ್ತು ಊಟದ ಹೊತ್ತಿಗೆ ರಂಜನಿ ಎಲ್ಲ ಬಿಡಿಸಿ ಹೇಳಿದಳು. ಅವಳ ಕೆಲಸ ಆಮೆಗಳದೇ ಅಂತ ನನಗೆ ಗೊತ್ತಿತ್ತು, ಏನು ಮಾಡುತ್ತಾಳೆ ಅಂತ ಗೊತ್ತಿರಲಿಲ್ಲ. ಚಳಿಗಾಲ ಕಳೆಯುವ ಹೊತ್ತಿಗೆ ಈ ಆಮೆಗಳು ಎಲ್ಲೆಲ್ಲಿಂದಲೋ ಈಜಿಕೊಂಡು ಈ ದಂಡೆಗೆ ಮೊಟ್ಟೆಯಿಡಲು ಬರುತ್ತವೆ. ನಮ್ಮ ಫಾಲ್ಗುಣ, ತಮಿಳರ ಪಂಗುನಿ ಮಾಸದ ಆಸುಪಾಸಿನಲ್ಲಿ ಬರುವುದರಿಂದ ಇಲ್ಲಿನ ಮೀನುಗಾರರು ಅದನ್ನು 'ಪಂಗುನಿ ಆಮೈ' ಅನ್ನುತ್ತಾರೆ. ನೀರಿನಲ್ಲೇ ಬದುಕಿದರೂ ಅದು ಉಸಿರಾಡುವುದು ನಮ್ಮ ಹಾಗೆ ಗಾಳಿಯನ್ನು. ದೊಡ್ಡ ದೋಣಿಗಳು ಎಳೆದುಕೊಂಡು ಹೋಗುವ ಬಲೆಯೊಳಗೆ ಸಿಕ್ಕಿಬಿದ್ದರೆ ಮೇಲೆ ಬರಲಾಗದೆ ಉಸಿರುಕಟ್ಟಿ ಸಾಯುತ್ತದೆ.

"ನೀರಲ್ಲಿ ಇರೋದು ನೀರಲ್ಲಿ ಮುಳುಗಿ ಸಾಯತ್ತಾ?" ಅಂದೆ.

"ಆಮಾ ಅಕ್ಕಾ," ಅಂದಳು ರಂಜನಿ. ಹೌದು ಅಂತ.

ಅದಕ್ಕೇ ಅವಳ ತಂಡ ಮೊಟ್ಟೆಯಿಟ್ಟು ಮರಳುವ ತಾಯಿ ಆಮೆಗಳ ಬೆನ್ನಿಗೆ ಒಂದು ಪುಟ್ಟ ಯಂತ್ರ ಅಂಟಿಸುತ್ತದೆ. ಆಮೆ ಉಸಿರಾಡಲು ನೀರಿನ ಮೇಲೆ ಬಂದಾಗಲೆಲ್ಲ ಆ ಯಂತ್ರ ಆಕಾಶದಲ್ಲಿರುವ ಉಪಗ್ರಹಕ್ಕೆ ಸುದ್ದಿ ಕಳಿಸುತ್ತದೆ. ಆಗ ಅದು ಎಲ್ಲಿ ತಂಗುತ್ತದೆ, ಯಾವ ದಾರಿಯಲ್ಲಿ ಹೋಗುತ್ತದೆ ಅಂತ ತಿಳಿಯುತ್ತದೆ. ತಿಳಿದರೆ ಆ ಜಾಗಕ್ಕೆ ದೊಡ್ಡ ಬಲೆಯ ದೋಣಿಗಳು ಹೋಗದಂತೆ ಕೇಳಬಹುದು. "ಎಲ್ಲಿ ಅಂತ ತೋರಿಸದೆ ಹೋದರೆ ನಮ್ಮ ಮಾತು ಯಾರು ಕೇಳುತ್ತಾರೆ?" ಅನ್ನುವುದು ಅವಳ ಪ್ರಶ್ನೆ. ಈ ಸಲಕ್ಕೆ ಅವಳ ಕೈಯಲ್ಲಿ ಉಳಿದಿದ್ದುದು ಒಂದೇ ಯಂತ್ರ.

ಅತ್ತೆ ಅನ್ನ ಕಲಸುವುದನ್ನು ನಿಲ್ಲಿಸಿ ಕೇಳಿದರು. "ಇವತ್ತು ಬೆಳಿಗ್ಗೆ ಇದ್ದದ್ದು ಮೊಟ್ಟೆ ಇಟ್ಟಾಗಿತ್ತಾ, ಇಲ್ಲಾ ಇಡಕ್ಕೆ ಬಂದಿತ್ತಾ?"

ರಂಜನಿ ತಟ್ಟೆಯನ್ನೇ ನೋಡುತ್ತ, "ಇಡಲಿಕ್ಕೆ ಬಂದದ್ದು, ಅಮ್ಮಾ" ಅಂತ ಕನ್ನಡದಲ್ಲೇ ಹೇಳಿದಳು. ಆಮೇಲೆ ಅತ್ತೆಗೆ ಊಟ ಸೇರಲಿಲ್ಲ.

ನೀಲಾಂಕರೈ: ಬಾಣಂತಿ

ಅದಾಗಿ ಒಂದೆರಡು ದಿನ ಕಳೆದಿರಬೇಕು. ಇನ್ನೂ ಕತ್ತಲಿರುವಾಗಲೇ ಅತ್ತೆ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡಿಸುತ್ತಿದ್ದಾಗ ಫೋನು ಬಂತು. ನೀಲಾಂಕರೈ ದಂಡೆ ಕಾಯಲು ರಾತ್ರಿಯೇ ಹೋಗಿದ್ದ ರಂಜನಿ. ತಡವಾಗಿ ಒಂದು ಆಮೆ ಮೇಲೆ ಹತ್ತಿದೆ, ನೋಡಬೇಕಾದರೆ ಈಗಲೇ ಬನ್ನಿ ಅಂದಳು. ಅತ್ತೆ ಅರ್ಧ ಬಿಡಿಸಿದ ರಂಗೋಲಿಯನ್ನು ಹಾಗೇ ಬಿಟ್ಟು, ಒಳಗೆ ಹೋಗಿ ಕೈಚೀಲ ಹಿಡಿದು ಬಂದರು. ಆಟೊದವನು "ಎಂಗಮ್ಮಾ?" ಅಂದ. "ನೀಲಾಂಕರೈ. ಆಮೈ ಪಾಕ್ಕ" ಅಂದರು ಅತ್ತೆ, ಆಮೆ ನೋಡುವುದಕ್ಕೆ. ಅವನು ಕಣ್ಣು ಮಿಟುಕಿಸದೆ "ಪೋಲಾಂ" ಅಂದ, ಹೋಗೋಣ ಅಂತ. ಚೆನ್ನೈನ ಆಟೊದವರಿಗೆ ಎಲ್ಲಿಗೆ ಅನ್ನುವುದು ಮುಖ್ಯ, ಯಾಕೆ ಅನ್ನುವುದು ಅಲ್ಲ.

ನಾವು ಹೋಗುವಷ್ಟರಲ್ಲಿ ಆಕಾಶ ಬೆಳ್ಳಗಾಗುತ್ತಿತ್ತು. ಗುಂಡಿ ತೋಡಿದ್ದೂ ಮೊಟ್ಟೆಯಿಟ್ಟದ್ದೂ ನಮಗೆ ಸಿಗಲಿಲ್ಲ, ಮುಚ್ಚುವುದು ಸಿಕ್ಕಿತು. ತಾಯಿ ಆಮೆ ಹಿಂಗಾಲುಗಳಿಂದ ಮರಳನ್ನು ಎಳೆದು ಎಳೆದು ಗುಂಡಿ ತುಂಬುತ್ತಿದ್ದಳು. ತುಂಬಿದ ಮೇಲೆ ತನ್ನ ಇಡೀ ಮೈಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಎತ್ತಿ ಎತ್ತಿ ನೆಲಕ್ಕೆ ಬಡಿದಳು. ಧಪ್, ಧಪ್ ಅಂತ ನಮ್ಮ ಕಾಲಡಿಗೆ ಅದರ ಸದ್ದು ಬರುತ್ತಿತ್ತು. ರೊಟ್ಟಿ ತಟ್ಟುವ ಹಾಗೆ ಮರಳನ್ನು ತಟ್ಟಿ ಗಟ್ಟಿ ಮಾಡುತ್ತಿದ್ದಳು. ಅದನ್ನು ಅವಳಿಗೆ ಹೇಳಿಕೊಟ್ಟವರಿಲ್ಲ. ಅವಳ ತಾಯಿಯನ್ನು ಅವಳು ಕಂಡದ್ದೂ ಇಲ್ಲ. ನನಗೆ ಒಂದು ಕಾಜಾ ಹಾಕುವುದು ಕಲಿಯಲು ಎಷ್ಟು ದಿನ ಬೈಸಿಕೊಳ್ಳಬೇಕಾಯಿತು! ನಾನು ಬಾಯಿ ತೆರೆದುಕೊಂಡು ನೋಡುತ್ತಿದ್ದೆ, ಬಾಯಿಗೆ ಮರಳು ಹಾರಿ ಬಂದು ಬಿದ್ದಾಗಲೇ ಗೊತ್ತಾಗಿದ್ದು.

ಕೆಲಸ ಮುಗಿಸಿ ಅವಳು ಸಮುದ್ರದ ಕಡೆ ತಿರುಗಿದಾಗ ರಂಜನಿ ಮತ್ತು ತಂಡದವನಾದ ಸೆಲ್ವಂ ಒಂದು ಮರದ ಚೌಕಟ್ಟನ್ನು ಅವಳ ಸುತ್ತ ಇಟ್ಟರು. ಸೆಲ್ವಂ ಅದೇ ದಂಡೆಯ ಮೀನುಗಾರ, ಚಿಕ್ಕ ದೋಣಿಯವನು. ಅರಣ್ಯ ಇಲಾಖೆಯವರೊಬ್ಬರು ಪಕ್ಕದಲ್ಲಿದ್ದರು. ಒದ್ದೆ ಬಟ್ಟೆಯನ್ನು ಅವಳ ಕಣ್ಣಿಗೆ ಹೊದಿಸಿದರು. ಆಗ ಅವಳೊಂದು ಉಸಿರು ಬಿಟ್ಟಳು. ದಿನವಿಡೀ ದುಡಿದ ಹೆಂಗಸು ಜಗಲಿಯ ಮೇಲೆ ಕೂತು ಬಿಡುವ ಉಸಿರು. ಕಣ್ಣಿಂದ ಅಂಟು ಅಂಟಾಗಿ ನೀರು ಇಳಿಯುತ್ತಿತ್ತು. ಅಳುವುದಲ್ಲ, ಮೈಯ ಉಪ್ಪನ್ನು ಹೊರಹಾಕುವುದು ಅಂತ ರಂಜನಿ ಹೇಳಿದಳು. ಅತ್ತೆ ನಂಬಲಿಲ್ಲ.

ರಂಜನಿ ಬೆನ್ನಿನ ಎತ್ತರದ ಜಾಗದಲ್ಲಿ ಅಂಟಿದ್ದ ಚಿಪ್ಪು, ಪಾಚಿ ಎಲ್ಲ ಕೆರೆದಳು. ಉಪ್ಪು ಕಾಗದ ಹಾಕಿ ಉಜ್ಜಿದಳು. ಸ್ಪಿರಿಟ್ಟಿನಲ್ಲಿ ಒರೆಸಿದಳು. ಆ ಬೆನ್ನಿನ ಹಲಗೆಗಳು ಒಂದಕ್ಕೊಂದು ಸೇರಿಕೊಂಡಿದ್ದ ರೀತಿ ನೋಡಿ ನನಗೆ ನನ್ನ ಕತ್ತರಿಯ ಮೇಲೇ ನಾಚಿಕೆಯಾಯಿತು. ಎಲ್ಲೂ ಹೆಚ್ಚುವರಿ ಬಟ್ಟೆ ಬಿಟ್ಟಿಲ್ಲ, ಎಲ್ಲೂ ಎಳೆದು ಹೊಲಿದಿಲ್ಲ. "ಅಕ್ಕಾ, ಕೊಡೆ ಪಿಡಿಂಗೋ" ಅಂತ ರಂಜನಿ ನನ್ನ ಕೈಗೆ ಛತ್ರಿ ಕೊಟ್ಟಳು. ತಾನು ಅಂಟು ಕಲಸಲು ಪಕ್ಕಕ್ಕೆ ತಿರುಗಿದಳು. ಎರಡು ಟ್ಯೂಬುಗಳ ಅಂಟು, ಕಲಸಿದ ಮೇಲೆ ಬೇಗ ಗಟ್ಟಿಯಾಗುತ್ತದೆಯಂತೆ.

ಆಗ ಪದ್ದತ್ತೆ ನನ್ನ ಪಕ್ಕ ಬಂದು ಕೂತರು. ಉಜ್ಜಿದ ಜಾಗ ಬೂದಿ ಬಳಿದ ಹಾಗೆ ಬೆಳ್ಳಗೆ ಒಣಗಿಕೊಂಡಿತ್ತು.

"ಅಯ್ಯೋ ಪಾವಂ ಡೀ," ಅಂದರು. "ಹೆತ್ತು ಮುಗಿಸಿದ ಮೈ. ಎಷ್ಟು ಒಣಗಿಹೋಗಿದೆ ನೋಡು."

ಕೈಚೀಲದಿಂದ ನನ್ನ ಬಾಟಲಿ ಹೊರಬಂತು. ಅಂಗೈ ತುಂಬ ಎಣ್ಣೆ ಸುರಿದುಕೊಂಡು, ಬಾಣಂತಿಯ ನೆತ್ತಿಗೆ ಇಡುವ ಹಾಗೆ ಮೆಲ್ಲಗೆ, ಅವಳ ಬೆನ್ನಿನ ಆ ಎತ್ತರದ ಜಾಗಕ್ಕೇ ಇಟ್ಟು ಒತ್ತಿ ಒತ್ತಿ ಸವರಿದರು. ನಾನು ಛತ್ರಿ ಹಿಡಿದುಕೊಂಡು ಅಲ್ಲೇ ಇದ್ದೆ. ತಡೆಯಬೇಕು ಅಂತ ನನಗೆ ಹೊಳೆಯಲೇ ಇಲ್ಲ. ಬಾಣಂತಿಗೆ ಎಣ್ಣೆ ಹಚ್ಚುವುದರಲ್ಲಿ ತಡೆಯುವುದು ಏನಿದೆ?

ಅಂಟಿನ ಹಲಗೆ ಹಿಡಿದು ರಂಜನಿ ತಿರುಗಿದಳು.

"ಅಮ್ಮಾ! ಎನ್ನ ಪಣ್ಣಿಟ್ಟೆ ನೀ?"

ಏನು ಮಾಡಿಬಿಟ್ಟೆ ಅಂತ. ಅತ್ತೆಯ ಎಣ್ಣೆ ಕೈ ಗಾಳಿಯಲ್ಲೇ ನಿಂತಿತು. ಸೆಲ್ವಂ ಮೊದಲು ನಕ್ಕ, ರಂಜನಿಯ ಮುಖ ನೋಡಿ ನಗು ನುಂಗಿಕೊಂಡ.

ಎಣ್ಣೆಯ ಮೇಲೆ ಅಂಟು ನಿಲ್ಲುವುದಿಲ್ಲ. ಅಷ್ಟು ಸರಳ ಸಂಗತಿ ನನಗೂ ಆಗಲೇ ತಲೆಗೆ ಹೋದದ್ದು. ಕಲಸಿದ ಅಂಟು ರಂಜನಿಯ ಕೈಯಲ್ಲೇ ಗಟ್ಟಿಯಾಗುತ್ತಿತ್ತು. ಇನ್ನೊಂದು ಜೊತೆ ಟ್ಯೂಬು ಇತ್ತು, ಆದರೆ ಆಚೆ ಸೂರ್ಯ ನೀರಿನಿಂದ ಮೇಲೆ ಬಂದಾಗಿತ್ತು. ಬಿಸಿಲಲ್ಲಿ ಮರಳು ಕಾದರೆ ಆಮೆಯ ಪ್ರಾಣಕ್ಕೆ ಕುತ್ತು. ಇಲಾಖೆಯವರು ಬಿಟ್ಟುಬಿಡೋಣ ಅಂದರು. ರಂಜನಿ ಒಂದು ಕ್ಷಣ ಆಮೆಯನ್ನೂ ಸಮುದ್ರವನ್ನೂ ನೋಡಿದಳು. "ಇನ್ನೊಂದು ಸಲ ನೋಡ್ತೀನಿ. ಇದು ನೆಟ್ಟಗಾಗದೆ ಇದ್ದರೆ ಯಂತ್ರ ಬೇಡ, ಇವಳು ಹೋಗಲಿ" ಅಂತ ಇಂಗ್ಲಿಷಿನಲ್ಲಿ ಹೇಳಿದಳು.

ಮತ್ತೆ ಸ್ಪಿರಿಟ್ಟು, ಮತ್ತೆ ಉಪ್ಪು ಕಾಗದ. ಆಗಲೇ ನಾನು ಆ ನೋಟ ಕಂಡದ್ದು. ಪಾದದ ಮೇಲಕ್ಕೆ ಅಲೆ ಸೋಕಿಸಿಕೊಳ್ಳದ ಪದ್ದತ್ತೆ ಸೀರೆಯುಟ್ಟ ಹಾಗೇ ಸೊಂಟದವರೆಗೆ ಸಮುದ್ರದೊಳಗೆ ನಿಂತಿದ್ದರು. ಟವಲು ಅದ್ದಿಕೊಂಡು ಓಡಿ ಬಂದು ಆಮೆಯ ಕತ್ತಿಗೆ, ಕೈಕಾಲುಗಳಿಗೆ ನೀರು ಹಿಂಡುತ್ತಿದ್ದರು. ಮತ್ತೆ ಓಡಿ ಹೋಗುತ್ತಿದ್ದರು. ಒಮ್ಮೆ ಅಲೆ ಬಡಿದು ಬಿದ್ದರು. ಸೆಲ್ವಂ ಕೈಹಿಡಿದು ಎತ್ತಿದರೆ ಟವಲು ಮಾತ್ರ ಗಟ್ಟಿಯಾಗಿ ಹಿಡಿದುಕೊಂಡೇ ಇದ್ದರು.

ರಂಜನಿ ಯಂತ್ರ ಕೂರಿಸಿದಳು, ಬೆರಳಿನಿಂದ ಸುತ್ತಲೂ ಅಂಟು ಒತ್ತಿದಳು. ಒಣಗುವವರೆಗೆ ನಾವು ಛತ್ರಿ, ಟವಲು, ಸೀರೆಯ ಸೆರಗು ಎಲ್ಲ ಹಿಡಿದು ಆಮೆಗೆ ನೆರಳು ಮಾಡಿಕೊಂಡು ನಿಂತೆವು. ಕೊನೆಗೆ ಚೌಕಟ್ಟು ಎತ್ತಿದರು. ಅವಳು ಹಿಂದೆ ತಿರುಗಿ ನೋಡಲಿಲ್ಲ. ಮರಳಿನ ಮೇಲೆ ಅಷ್ಟು ತಿಣುಕುತ್ತಿದ್ದ ಮೈ, ಮೊದಲ ಅಲೆ ಬಂದು ಎತ್ತಿದ್ದೇ ಭಾರವೇ ಇಲ್ಲದಂತಾಯಿತು. ಬೆನ್ನಿನ ಮೇಲೆ ಯಂತ್ರದ ಗೇಣುದ್ದದ ಆಂಟೆನಾ ಕಡ್ಡಿ ಅಲ್ಲಾಡುತ್ತ ಹೋಯಿತು.

"ಪೋಯಿಟ್ಟು ವಾ ಆತ್ತಾ," ಅಂದ ಸೆಲ್ವಂ, ಹೋಗಿ ಬಾ ತಾಯೀ ಅಂತ. ಅತ್ತೆ ಎಣ್ಣೆ ಬಾಟಲಿಯನ್ನು ಚೀಲದ ತಳಕ್ಕೆ ತುರುಕುತ್ತಿದ್ದರು.

ನುಂಗಂಬಾಕ್ಕಂ: ಚುಕ್ಕೆಗಳು

ನಾನು ಊರಿಗೆ ಹೊರಡುವ ಮುಂಚೆ ರಂಜನಿ ತನ್ನ ಆಫೀಸಿಗೆ ಕರೆದುಕೊಂಡು ಹೋಗಿ ತೋರಿಸಿದಳು. ಕಂಪ್ಯೂಟರಿನಲ್ಲಿ ನೀಲಿ ನಕ್ಷೆ. ದಂಡೆಯ ಪಕ್ಕದಲ್ಲಿ ಸಣ್ಣ ಕೆಂಪು ಚುಕ್ಕೆಗಳು, ಕಚ್ಚಾ ಹೊಲಿಗೆ ಹಾಕಿದ ಹಾಗೆ.

"ಒಂದೊಂದು ಚುಕ್ಕೆಯೂ ಅವಳು ಮೇಲೆ ಬಂದು ಉಸಿರು ಬಿಟ್ಟ ಜಾಗ, ಅಕ್ಕಾ" ಅಂತ ಇಂಗ್ಲಿಷಿನಲ್ಲಿ ಹೇಳಿದಳು.

ನಮ್ಮನ್ನು ದಾಟಿ, ಮೋಡವನ್ನು ದಾಟಿ ಎಲ್ಲೋ ಕತ್ತಲಲ್ಲಿ ಸುತ್ತುತ್ತಿರುವ ಯಂತ್ರವೊಂದು ಆ ಒಬ್ಬಳು ಉಸಿರು ತೆಗೆದುಕೊಂಡಳು ಅಂತ ನುಂಗಂಬಾಕ್ಕಂನ ಈ ಕೋಣೆಗೆ ಹೇಳಿ ಕಳಿಸುತ್ತಿದೆ. ಪಕ್ಕದ ಮನೆಯವರು ಬದುಕಿದ್ದಾರೋ ಇಲ್ಲವೋ ಅಂತ ನಾವು ವಾರಗಟ್ಟಲೆ ವಿಚಾರಿಸುವುದಿಲ್ಲ. ನಾನು ಆ ಚುಕ್ಕೆಗಳ ಮೇಲೆ ಬೆರಳಾಡಿಸಿದೆ. ಪರದೆ ಕೊಳೆಯಾಗುತ್ತದೆ ಅಂತ ಯಾರೂ ಬೈಯಲಿಲ್ಲ.

ಅಂಟು ನಿಂತಿದೆಯಲ್ಲ, ಇನ್ನೇನು ಭಯ ಅಂದೆ. ರಂಜನಿ ನಗಲಿಲ್ಲ. ಎಣ್ಣೆ ಪೂರ್ತಿ ಹೋಗಿತ್ತಾ ಅಂತ ತನಗೂ ಗೊತ್ತಿಲ್ಲ, ನೋಡಬೇಕು ಅಂದಳು. ಮನೆಗೆ ಬಂದರೆ ಅತ್ತೆ ಬಾಗಿಲಲ್ಲೇ ಕಾದಿದ್ದರು. "ಎಲ್ಲಿದ್ದಾಳೆ ಬಾಣಂತಿ?" ಅಂತ ಕೇಳಿದರು. ಆ ಹೆಸರೇ ನಿಂತಿತು.

ತಿಪಟೂರು: ಫೋನಿನಲ್ಲಿ ಬಂದ ಸುದ್ದಿ

ಊರಿಗೆ ಬಂದು ಮತ್ತೆ ಮಿಷನ್ ತುಳಿಯತೊಡಗಿದೆ. ಲಂಕೆ ಹೇಗಿತ್ತು ಅಂತ ಕೇಳಿದವರಿಗೆ ಆಮೆಯ ಕಥೆ ಹೇಳಿದೆ. ನಂಬಿದವರು ಕಡಿಮೆ.

ಅತ್ತೆಯ ಫೋನು ದಿನವೂ ಬರುತ್ತಿತ್ತು. ಬಾಣಂತಿ ಮಹಾಬಲಿಪುರಂ ದಾಟಿದಳು. ಬಾಣಂತಿ ಪಾಂಡಿಚೇರಿಯ ಹತ್ತಿರ ಎರಡು ದಿನ ನಿಂತಳು, ಏನು ತಿಂದಳೋ. ಬಾಣಂತಿ ತೆಂಕಲಿಗೆ ಹೊರಟಳು. ನಾನು ನನ್ನ ಮಗಳು ಶಾಲೆಗೆ ಹೋಗುತ್ತಿದ್ದ ಕಾಲದ ಹಳೆಯ ನಕ್ಷೆಯನ್ನು ಗೋಡೆಗೆ ಅಂಟಿಸಿ, ಅತ್ತೆ ಹೇಳಿದ ಕಡೆಯಲ್ಲೆಲ್ಲ ಒಂದೊಂದು ಗುಂಡುಪಿನ್ನು ಚುಚ್ಚುತ್ತಿದ್ದೆ. ಬ್ಲೌಸಿನ ಅಳತೆ ಕೊಡಲು ಬಂದವರೂ ಮೊದಲು ಪಿನ್ನು ನೋಡಿ ಆಮೇಲೆ ತೋಳು ಚಾಚುತ್ತಿದ್ದರು.

ನಾಗಪಟ್ಟಣದ ಎದುರಿನ ಸಮುದ್ರದಲ್ಲಿ ಪಿನ್ನು ನಿಂತುಬಿಟ್ಟಿತು. ಅಲ್ಲಿಂದ ಮುಂದೆ ಚುಕ್ಕೆಯೇ ಇಲ್ಲ. ಒಂದು ವಾರ ಹೋಯಿತು, ಇನ್ನೊಂದು ಹೋಯಿತು. ಅತ್ತೆಯ ಫೋನೂ ನಿಂತಿತು. ನಾನೇ ಮಾಡಿದರೆ ಚುಟುಕಾಗಿ ಮಾತಾಡಿ ಇಟ್ಟುಬಿಡುತ್ತಿದ್ದರು. ಬೇಸಿಗೆ ಏರುತ್ತಿದ್ದಾಗ ರಂಜನಿ ಫೋನು ಮಾಡಿದಳು.

"ಸುಮಕ್ಕಾ, ಒಂದು ಸಲ ಬಂದು ಹೋಗಿ. ಅಮ್ಮ ತಲೆಗೆ ಎಣ್ಣೆಯೇ ಇಡ್ತಿಲ್ಲ. ಬಾಣಂತಿ ಸುದ್ದಿ ಬರೋವರೆಗೂ ಇಡಲ್ಲಾಂತ ದೇವರ ಮುಂದೆ ಹೇಳಿಬಿಟ್ಟಿದ್ದಾಳೆ."

ಅವಳು ಕನ್ನಡದಲ್ಲಿ ಮಾತಾಡಿದಳು ಅನ್ನುವುದರಿಂದಲೇ ವಿಷಯ ಎಷ್ಟು ಗಂಭೀರ ಅಂತ ನನಗೆ ಗೊತ್ತಾಯಿತು.

ಮತ್ತೆ ತ್ರಿಪ್ಲಿಕೇನ್: ಕತ್ತರಿ ಬಿಸಿಲು

ಮೇ ತಿಂಗಳ ಆ ಬಿಸಿಲಿಗೆ ಚೆನ್ನೈಯವರು ಕತ್ತರಿ ಬಿಸಿಲು ಅನ್ನುತ್ತಾರೆ. ದರ್ಜಿಯಾದ ನನಗೆ ಬೇರೆ ಹೆಸರು ಬೇಕೆನಿಸಲಿಲ್ಲ. ಬಾಗಿಲು ತೆಗೆದ ಪದ್ದತ್ತೆಯನ್ನು ನೋಡಿ ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಹೊಳೆಯುತ್ತಿದ್ದ ಕೂದಲು ತೆಂಗಿನ ನಾರಿನಂತೆ ಕೆದರಿ ನಿಂತಿತ್ತು. ಹಣೆಯ ಅಂಚು ಸಿಪ್ಪೆ ಏಳುತ್ತಿತ್ತು. ನಾನು ತಂದ ಎರಡನೇ ಬಾಟಲಿ ದೇವರ ಗೂಡಿನ ಪಕ್ಕದಲ್ಲಿ, ಮುಚ್ಚಳವನ್ನೂ ತೆಗೆಯದೆ, ಹಾಗೇ ಕೂತಿತ್ತು.

ಸಂಜೆ ಇಬ್ಬರೂ ಮರೀನಾಕ್ಕೆ ಹೋದೆವು. ಅಷ್ಟು ದೊಡ್ಡ ನೀರು ಈಗ ನನಗೆ ಬೇರೆ ರೀತಿ ಕಂಡಿತು. ಅದರಲ್ಲಿ ನಮ್ಮವಳೊಬ್ಬಳು ಇದ್ದಳು, ಅಥವಾ ಇರಲಿಲ್ಲ. ಅತ್ತೆಗೆ ಸಮಾಧಾನ ಹೇಳಲು ಬಾಯಿ ತೆರೆದೆ.

"ಅತ್ತೆ, ನಿಮ್ಮ ಎಣ್ಣೆಯಿಂದ ಏನೂ ಆಗಿರಲ್ಲ. ರಂಜನಿ ಚೆನ್ನಾಗಿ ಒರೆಸಿ ಅಂಟಿಸಿದಾಳೆ. ನೀವು ಯಾಕೆ ನಿಮ್ಮ ಮೇಲೆ ಹಾಕ್ಕೋತೀರ?"

ಅತ್ತೆ ನನ್ನ ಕಡೆ ತಿರುಗಿ ಸಿಡುಕಿದರು.

"ಹಾಗೆ ಸೊಲ್ಲಬೇಡ! ನಿನಗೆ ಪುರಿಯಲ್ಲವಾ, ಅರ್ಥ ಆಗಲ್ಲವಾ ಡೀ? ಅಂಟು ಚೆನ್ನಾಗೇ ನಿಂತಿತ್ತು ಅಂದ್ರೆ, ಅವಳು ಮೇಲೆ ಬರಲಿಲ್ಲ ಅಂತ ಅರ್ಥ. ಬಲೇಲಿ ಸಿಕ್ಕಿಕೊಂಡಳು ಅಂತ ಅರ್ಥ. ನನ್ನ ಎಣ್ಣೆಯಿಂದಲೇ ಆ ಮಿಷನ್ ಕಳಚಿ ಬಿದ್ದಿರಲಿ ಸುಮಾ. ನನ್ನ ತಪ್ಪೇ ಆಗಿರಲಿ. ಮಗಳ ಒಂದು ವರ್ಷದ ಕೆಲಸ ನಾನೇ ಕೆಡಿಸಿದೆ ಅಂತ ಊರೆಲ್ಲ ಆಡಿಕೊಳ್ಳಲಿ. ಹಾಗಾಗಿದ್ರೆ ಅವಳು ಎಲ್ಲೋ ಬೆನ್ನು ಖಾಲಿ ಮಾಡಿಕೊಂಡು ಸೌಖ್ಯವಾಗಿ ಈಜ್ತಿದ್ದಾಳೆ."

ಅವರ ಕಣ್ಣು ತುಂಬಿತ್ತು. ತಾನು ತಪ್ಪು ಮಾಡಿರಲಿ ಅಂತ ಹೀಗೆ ದೇವರಲ್ಲಿ ಬೇಡಿಕೊಂಡವರನ್ನು ನಾನು ಅವತ್ತಿನವರೆಗೆ ನೋಡಿರಲಿಲ್ಲ. ಕಡಲೆಯ ಸುಂಡಲ್ ಮಾರುವವನು ಬಂದು ಎರಡು ಸ್ವರದಲ್ಲಿ ಕೂಗಿ ಹೋದ. ನಾವು ಏನೂ ಕೊಳ್ಳಲಿಲ್ಲ. ಅತ್ತೆಯ ಕೈಹಿಡಿದುಕೊಂಡು ಕತ್ತಲಾಗುವ ಮುಂಚೆ ಮನೆಗೆ ಬಂದೆ.

ನಾಲ್ಕಾರು ದಿನ ಹಾಗೇ ಹೋಯಿತು. ಅವತ್ತು ಬೆಳಿಗ್ಗೆ ನಾನು ಅತ್ತೆಯ ಹಳೆಯ ಬ್ಲೌಸಿನ ತೋಳು ಬಿಚ್ಚುತ್ತ ಕುರ್ಚಿಯಲ್ಲಿ ಕೂತಿದ್ದೆ. ಅತ್ತೆ ನೆಲದ ಮೇಲೆ ಸೊಪ್ಪು ಬಿಡಿಸುತ್ತಿದ್ದರು. ರಂಜನಿ ಕೋಣೆಯಿಂದ ಹೊರಗೆ ಬಂದಳು. ತಲೆ ಬಾಚಿರಲಿಲ್ಲ, ಕೈಯಲ್ಲಿ ಫೋನು, ನಗುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯಲಿಲ್ಲ.

"ಅಮ್ಮಾ, ವಂದಿರುಚ್ಚು."

"ಏನು ಬಂತು?"

"ಸಿಗ್ನಲ್, ಅಮ್ಮಾ. ಬಾಣಂತಿ. ಇಲಂಗೈ ಪಕ್ಕತ್ತಿಲೆ ಇರುಕ್ಕಾ."

ಲಂಕೆಯ ಹತ್ತಿರ ಇದ್ದಾಳೆ! ನನ್ನ ಕೈಯಿಂದ ಕತ್ತರಿ ಜಾರಿ ಬಿತ್ತು. ಅತ್ತೆ ಮಾತ್ರ ಕೂತಲ್ಲೇ ಮಗಳನ್ನು ದಿಟ್ಟಿಸುತ್ತಿದ್ದರು.

"ಬರೀ ಮಿಷನ್ನಾ? ಇಲ್ಲಾ ಅವಳೂ ಇದ್ದಾಳಾ?"

ರಂಜನಿ ಅಮ್ಮನ ಎದುರು ನೆಲದ ಮೇಲೆ ಕೂತು ಫೋನು ತೋರಿಸಿದಳು. ಒಂದೇ ಚುಕ್ಕೆಯಲ್ಲ, ಎರಡು ದಿನದಿಂದ ಸಾಲಾಗಿ ಬಂದಿವೆ. ಮುಳುಗಿದ್ದಾಳೆ, ಎದ್ದಿದ್ದಾಳೆ, ಮತ್ತೆ ಮುಳುಗಿದ್ದಾಳೆ, ಪ್ರವಾಹಕ್ಕೆ ಎದುರಾಗಿ ಈಜಿದ್ದಾಳೆ. ಬರಿ ತೇಲುವ ಯಂತ್ರ ಹಾಗೆ ಮಾಡುವುದಿಲ್ಲ. ಇಷ್ಟು ದಿನ ಯಾಕೆ ಸುದ್ದಿಯಿರಲಿಲ್ಲ ಅಂತ ತನಗೂ ಖಚಿತವಿಲ್ಲ, ಯಂತ್ರದ ಮೇಲೆ ಪಾಚಿ, ಸಣ್ಣ ಚಿಪ್ಪುಗಳು ಬೆಳೆದು ಮುಚ್ಚಿಕೊಂಡಿದ್ದು ಎಲ್ಲೋ ಬಂಡೆಗೆ ಉಜ್ಜಿ ಹೋಗಿರಬಹುದು ಅಂದಳು. ಅಂಟು ಮಾತ್ರ ನಿಂತಿದೆ. ಅವಳೂ ಇದ್ದಾಳೆ.

"ಉಸಿರು ಬಿಡ್ತಿದಾಳೆ ಅಮ್ಮಾ," ಅಂದಳು, ಅಚ್ಚ ಕನ್ನಡದಲ್ಲಿ.

ನನ್ನ ಪಾಸ್‌ಪೋರ್ಟು ಇನ್ನೂ ಖಾಲಿಯೇ ಇದೆ. ಗಿರಿಜಕ್ಕ ಈಗ ಮೊಮ್ಮಗನ ಆರೈಕೆಯಲ್ಲೇ ಮುಳುಗಿದ್ದಾಳೆ, ಲಂಕೆಯ ಮಾತೇ ಎತ್ತುವುದಿಲ್ಲ. ತಿಪಟೂರಿನ ಎಣ್ಣೆ ಸವರಿಸಿಕೊಂಡ ಒಬ್ಬಳು ಮಾತ್ರ ಯಾರನ್ನೂ ಕೇಳದೆ ಹೋಗಿ ಸೇರಿದ್ದಳು.

ಪದ್ದತ್ತೆ ಸೊಪ್ಪಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. ಎದ್ದು ಕೈ ತೊಳೆದುಕೊಂಡರು. ದೇವರಿಗೆ ಕೈಮುಗಿದು ಗೂಡಿನ ಪಕ್ಕದ ಎಣ್ಣೆ ಬಾಟಲಿ ಎತ್ತಿಕೊಂಡರು. ಅಡುಗೆಮನೆಯಲ್ಲಿ ಸ್ಟೌ ಹಚ್ಚಿದ ಸದ್ದು, ಆಮೇಲೆ ಮನೆಯೆಲ್ಲ ನಮ್ಮೂರ ಮಂಡಿಯ ವಾಸನೆ. ಬೆಚ್ಚಗಾದ ಬಟ್ಟಲನ್ನು ನನ್ನ ಕೈಗಿಟ್ಟು, ನನ್ನ ಕುರ್ಚಿಯ ಮುಂದೆ ನೆಲದ ಮೇಲೆ ಬೆನ್ನು ಮಾಡಿ ಕೂತು, ಮುಡಿ ಬಿಚ್ಚಿದರು.

ನಾನು ಅಂಗೈಗೆ ಎಣ್ಣೆ ಸುರಿದುಕೊಂಡು ನೆತ್ತಿಗೆ ಇಟ್ಟೆ. ಒಣಗಿದ್ದ ತಲೆ ಇಟ್ಟಷ್ಟನ್ನೂ ಕುಡಿಯಿತು. ಕೈಯ ಕೆಳಗೆ ಅವರ ಭುಜ ಅಲುಗುತ್ತಿತ್ತು. ರಂಜನಿ ಅಮ್ಮನ ಮೊಣಕಾಲಿಗೆ ತಲೆ ಆನಿಸಿಕೊಂಡು ಕೂತಿದ್ದಳು.

"ಸಾಕಾ ಅತ್ತೆ?" ಅಂದೆ.

ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡರು.

"ಎಲ್ಲಿ ಸಾಕು? ಅವಳಿಗೆ ನಾನು ಹಾಕಿದಷ್ಟಾದರೂ ಹಾಕು ಡೀ."